ಮೈಲಿ ನೂರಹನ್ನೆರಡರ ಕೆಂಪು ಅಂಗಿ

ಪಿಕರೆಲ್ ಸರೋವರ, ಮೈಲಿ 112
ಮಾರ್ಚ್ 9

ರೆಜಾನ್‌ಗೆ,

ನಾಯಿ ಚೆನ್ನಾಗಿದೆ. ಛಾವಣಿ ಸೋರುತ್ತಿಲ್ಲ. ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಆಳಿನ ಭಾರ ತಡೆಯುತ್ತದೆ. ಗಂಡ ಹೆಂಡತಿ ಆಗಿದ್ದವರ ನಡುವೆ ಇಷ್ಟು ಕ್ಷೇಮ ಸಮಾಚಾರ ಸಾಕು ಅಂದುಕೊಂಡು ವಿಷಯಕ್ಕೆ ಬರುತ್ತೇನೆ.

ಶನಿವಾರದ ರೈಲಿನ ಗಾರ್ಡ್ ನನ್ನ ಹಿಟ್ಟಿನ ಮೂಟೆ ಇಳಿಸುತ್ತ ಸುದ್ದಿ ಹೇಳಿದ. ನಮ್ಮ ಹಳೆಯ ಬೋಗಿಗಳೆಲ್ಲ ಈ ಬೇಸಿಗೆಗೆ ಗುಜರಿಗೆ ಹೋಗುತ್ತವಂತೆ. ಡೀಸೆಲ್ಲೂ ಬ್ಯಾಟರಿಯೂ ಎರಡೂ ಇರುವ ಹೊಸ ರೈಲು ಬರುತ್ತದಂತೆ. ಅದನ್ನು ಓಡಿಸುವುದನ್ನು ಚಾಲಕರಿಗೆ ಕಲಿಸುವ ಮೇಷ್ಟ್ರು ನೀನೇ ಅಂತೆ. "ರೆಜಾನ್ ಪಾಠ ಹೇಳ್ತಾನಾ? ಆ ಮನುಷ್ಯ ಬಾಯಿ ಬಿಡ್ತಿದ್ದಿದ್ದೇ ಕಾಫಿ ಕುಡಿಯೋಕೆ" ಅಂದೆ. ಗಾರ್ಡ್ ಬಿದ್ದು ಬಿದ್ದು ನಕ್ಕ. ಅಲ್ಲೂ ನೀನು ಬದಲಾಗಿಲ್ಲ ಅಂತಾಯಿತು.

ನನಗೆ ಬೇಕಾಗಿರುವುದು ಒಂದೇ ಉತ್ತರ. ಹೊಸ ರೈಲು ಇಲ್ಲಿ ನಿಲ್ಲುತ್ತದೋ ಇಲ್ಲವೋ? ಇಲ್ಲಿಗೆ ರಸ್ತೆ ಇಲ್ಲ ಅನ್ನುವುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಹಳಿಯ ಪಕ್ಕ ನಿಂತು ಕೈ ಬೀಸಿದರೆ ರೈಲು ನಿಲ್ಲುತ್ತದೆ ಅನ್ನುವ ಒಂದೇ ನಂಬಿಕೆಯ ಮೇಲೆ ಈ ಕೆರೆಯ ದಡದಲ್ಲಿ ಒಲೆ ಉರಿಯುತ್ತಿದೆ. ಅದು ನಿಲ್ಲದಿದ್ದರೆ ಮೀನು ಹಿಡಿಯುವವರು ಬರುವುದಿಲ್ಲ. ನನ್ನ ಮೂರು ಬಾಡಿಗೆ ಮನೆಗಳಿಗೆ ಹಲಗೆ ಹೊಡೆದು, ತಂಗಿಯ ಮನೆಯ ನೆಲಮಾಳಿಗೆಗೆ ಹೋಗಿ ಅವಳ ಬಟ್ಟೆ ಒಗೆಯುವ ಯಂತ್ರದ ಪಕ್ಕ ಮಂಚ ಹಾಕಿಕೊಳ್ಳಬೇಕು.

ಫೋನ್ ಮಾಡು ಅನ್ನುವುದಿಲ್ಲ. ನೀನು ಇಂಜಿನ್ ಬಿಟ್ಟು ಸಾಂತ್ ಅನ್ಸೆಲ್ಮ್‌ನಲ್ಲಿ ಕೆಲಸ ಹಿಡಿದು ಹೊರಟುಹೋದ ಮೇಲೆ ಉಪಗ್ರಹದ ಫೋನ್ ಹಾಕಿಸಿ ನಂಬರ್ ಕಳಿಸಿದ್ದೆ. ನಾಲ್ಕು ವರ್ಷದಲ್ಲಿ ಅದು ನಿನ್ನಿಂದ ಒಂದು ಸಲವೂ ಬಡಿದುಕೊಂಡಿಲ್ಲ. ದೋಣಿಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದಾಗ ಗಂಟಲು ಹರಿಯುವಂತೆ ಕೂಗಿದರೂ ಓಗೊಡದವನು ಫೋನಿಗೆ ಓಗೊಡುತ್ತೀಯಾ? ಅದಕ್ಕೇ ಈ ಪತ್ರ. ಕಾಗದವನ್ನಾದರೂ ಎದುರಿಗಿಟ್ಟುಕೊಂಡು ಓದುತ್ತೀಯ.

ಐಲಿ


ಸಾಂತ್ ಅನ್ಸೆಲ್ಮ್
ಮಾರ್ಚ್ 24

ಐಲಿಗೆ,

ನಿಲ್ಲುತ್ತದೆ. ಮೊದಲು ಉತ್ತರ, ಆಮೇಲೆ ವಿವರ.

ಮೂರು ಬೋಗಿ ಒಂದಕ್ಕೊಂದು ಬೆಸೆದುಕೊಂಡ ಗಾಡಿ ಇದು. ಎರಡು ತುದಿಯಲ್ಲೂ ಚಾಲಕನ ಕೋಣೆ ಇದೆ, ಇಂಜಿನ್ನನ್ನು ತಿರುಗಿಸುವ ಗೋಳಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಅದರಿಂದಲೇ ವಿದ್ಯುತ್ ಹುಟ್ಟಿ ಬ್ಯಾಟರಿ ತುಂಬುತ್ತದೆ. ಏರು ಬಂದಾಗ ಡೀಸೆಲ್. ಕಬ್ಬಿಣದ ಸೇತುವೆಯಿಂದ ನಿನ್ನ ಕೆರೆಯವರೆಗೆ ಇಳಿಜಾರೇ ಆದ್ದರಿಂದ ಅಲ್ಲಿ ಡೀಸೆಲ್ ಬೇಕಾಗುವುದೇ ಇಲ್ಲ. ಚಳಿಗಾಲದಲ್ಲಿ ಪಾಯಿಖಾನೆಯ ಕೊಳವೆ ಹೆಪ್ಪುಗಟ್ಟುವುದಿಲ್ಲ. ನೀನು ಹಳೆಯ ಬೋಗಿಯಲ್ಲಿ ಬಿಸಿನೀರಿನ ಕೆಟಲ್ ಹಿಡಿದು ಓಡಾಡಿದ್ದು ನೆನಪಿದೆ.

ಬಾಗಿಲ ಕೆಳಗಿನಿಂದ ಮೆಟ್ಟಿಲು ಹೊರಗೆ ಬರುತ್ತದೆ. ಸಾಮಾನಿಗೆಂದು ಬೇರೆ ಬೋಗಿ ಇಲ್ಲ, ಹಿಂದಿನ ಬೋಗಿಯ ಅರ್ಧ ಭಾಗ ಇದೆ. ಆಚೆ ದಡದ ಉರ್ಹೊನ ದೋಣಿ ಅದರಲ್ಲಿ ಹಿಡಿಸುತ್ತದೆ. ನಾನೇ ಅಳೆಸಿದೆ.

ಒಂದು ಷರತ್ತಿದೆ. ಮೆಟ್ಟಿಲು ಊರಿ ನಿಲ್ಲಲು ಕೈಬೀಸುವ ಜಾಗಗಳಲ್ಲೆಲ್ಲ ಹೊಸದಾಗಿ ಜಲ್ಲಿಕಲ್ಲಿನ ಕಟ್ಟೆ ಹಾಕಬೇಕು. ಯಾವ ಜಾಗದಲ್ಲಿ ಹೊಸ ರೈಲನ್ನು ಜನ ನಿಜವಾಗಿ ನಿಲ್ಲಿಸಿ ಹತ್ತುತ್ತಾರೋ ಅಲ್ಲಿ ಮಾತ್ರ ಹಾಕುತ್ತೇವೆ ಅಂತ ಆಫೀಸಿನವರು ತೀರ್ಮಾನಿಸಿದ್ದಾರೆ. ಜೂನ್ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ನೋಡುತ್ತಾರೆ. ಅಷ್ಟರೊಳಗೆ ಯಾರೂ ಹತ್ತದ ಜಾಗವನ್ನು ಪಟ್ಟಿಯಿಂದ ತೆಗೆಯುತ್ತಾರೆ. ಜೂನ್‌ನಲ್ಲಿ ಮಂಗಳವಾರ ಹೊಸದು, ಶನಿವಾರ ಹಳೆಯದು. ಜುಲೈನಿಂದ ಎರಡೂ ದಿನ ಹೊಸದೇ.

ನೀನು ಮಾಡಬೇಕಾದದ್ದು ಇಷ್ಟೇ. ಹೋಗಿ ನಿಲ್ಲು. ಕೈ ಬೀಸು. ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೀಯ.

ರೆಜಾನ್


ಪಿಕರೆಲ್ ಸರೋವರ
ಜೂನ್ 13

ರೆಜಾನ್‌ಗೆ,

ನಿನ್ನ ಹೊಸ ರೈಲು ಬರಲೇ ಇಲ್ಲ.

ಮೊದಲ ಮಂಗಳವಾರ ಬರಲಿಲ್ಲ. ಹೋಗಲಿ, ಮದುವಣಗಿತ್ತಿಗೆ ಅಲಂಕಾರ ಮುಗಿದಿಲ್ಲ ಅಂದುಕೊಂಡೆ. ಎರಡನೆಯ ಮಂಗಳವಾರವೂ ಇಲ್ಲ. ಆ ದಿನ ಹೊರಡಬೇಕಿದ್ದ ಇಬ್ಬರು ಮೀನುಗಾರರು ಚೀಲ ಕಟ್ಟಿಕೊಂಡು ನನ್ನ ಅಡುಗೆಮನೆಯಲ್ಲಿ ಬೂಟು ಹಾಕಿಕೊಂಡೇ ಕೂತಿದ್ದರು. ಕಾಫಿ ಮುಗಿಯಿತು, ಏಲಕ್ಕಿ ಬ್ರೆಡ್ಡು ಮುಗಿಯಿತು, ಅವರು ಹಿಡಿದ ಮೀನಿನ ಅಳತೆಯ ಸುಳ್ಳುಗಳೂ ಮುಗಿದವು. ರೈಲು ಮಾತ್ರ ಇಲ್ಲ. ಕೊನೆಗೆ ಶನಿವಾರದ ಹಳೆಯ ಗಾಡಿಯಲ್ಲಿ ಹತ್ತಿಸಿ ಕಳಿಸಿದೆ. ಅದು ಎಂದಿನಂತೆ ಸೇತುವೆಯ ಮೇಲೆ ಗುಡುಗಿಕೊಂಡು ಬಂತು. ನಾನು ಕೆಟಲ್ ಇಳಿಸಿ, ಬಾಗಿಲು ಎಳೆದುಕೊಂಡು, ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಅದೂ ಬಂತು, ನಾನೂ ಮುಟ್ಟಿದೆ.

ಅವರಲ್ಲಿ ಒಬ್ಬನಿಗೆ ಆಫೀಸಿನಲ್ಲಿ ಏನೋ ತಪ್ಪಿಹೋಯಿತಂತೆ. ಮುಂದಿನ ವರ್ಷ ಬರುತ್ತೇನೆ ಅನ್ನಲಿಲ್ಲ.

ರೈಲನ್ನು ಬೇರೆ ಹಳಿಯಲ್ಲಿ ಓಡಿಸಿ ನಮ್ಮ ನಿಲ್ದಾಣದಲ್ಲಿ ಯಾರೂ ಹತ್ತಲಿಲ್ಲ ಅಂತ ಬರೆದುಕೊಳ್ಳುತ್ತಿದ್ದಾರೋ ಹೇಗೆ? ಹಾಗಿದ್ದರೆ ನೇರವಾಗಿ ಹೇಳು. ಹಲಗೆ, ಮೊಳೆ ಎರಡೂ ಮನೆಯಲ್ಲಿವೆ.

ಐಲಿ


ಸಾಂತ್ ಅನ್ಸೆಲ್ಮ್
ಜೂನ್ 20

ಐಲಿಗೆ,

ರೈಲು ಬಂದಿತ್ತು. ಎರಡು ಸಲವೂ ಬಂದಿತ್ತು.

ಓಡಿಸಿದವಳು ಮಾರ್ಲಾ ನಬಿಗನ್, ನನ್ನ ಹತ್ತಿರ ಕಲಿತವಳು. ಕಣ್ಣು ಚುರುಕು. ಮೈಲಿ 112ರಲ್ಲಿ ನಿಧಾನ ಮಾಡಿ ಎರಡು ಕಡೆಯೂ ನೋಡಿದೆ, ಒಂದು ನರಪಿಳ್ಳೆಯೂ ಇರಲಿಲ್ಲ, ದಿಬ್ಬದ ಆಚೆಯಿಂದ ಹೊಗೆ ಮಾತ್ರ ಏಳುತ್ತಿತ್ತು ಅಂತ ಹೇಳಿದಳು. "ಮೇಷ್ಟ್ರೇ, ಏಲಕ್ಕಿ ವಾಸನೆ ಬೇರೆ ಬರ್ತಿತ್ತು, ಇಳಿದೇಬಿಡೋಣ ಅನ್ನಿಸ್ತು" ಅಂದಳು.

ನಿನ್ನ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಹೊಳೆಯಿತು. ನೀನು ಅಡುಗೆಮನೆಯಲ್ಲಿ ಕೂತು ಸೇತುವೆಯ ಸದ್ದಿಗೆ ಕಾಯುತ್ತಿದ್ದೀಯ. ಅಲ್ಲಿ ಈ ಗಾಡಿ ಬ್ಯಾಟರಿಯಲ್ಲಿ ಇಳಿಯುತ್ತದೆ. ಸದ್ದೇ ಇರುವುದಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನನಗೆ ಹೊಳೆಯಲಿಲ್ಲ.

ಒಂದು ಗಡಿಯಾರ ತರಿಸಿಕೊ. ಹೊಸ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ.

ರೆಜಾನ್


ಪಿಕರೆಲ್ ಸರೋವರ
ಜುಲೈ 8

ರೆಜಾನ್‌ಗೆ,

ಹೊತ್ತಿಗೆ ಸರಿಯಾಗಿ ಬರುತ್ತದೆ! ಇದನ್ನು ನಗದೆ ಬರೆದೆಯಾ?

ಗಡಿಯಾರ ಇದೆ. ನಿನ್ನ ಅಮ್ಮ ಕೊಟ್ಟದ್ದು, ಅಟ್ಟದಿಂದ ಇಳಿಸಿ ಕೀಲಿ ಕೊಟ್ಟೆ. ಹೇಳಿದ ಹೊತ್ತಿಗಿಂತ ಮುಂಚೆಯೇ ಹಳಿಯ ಪಕ್ಕ ಹೋಗಿ ಕೂತೆ. ಕರಿನೊಣಗಳು ನನ್ನ ಕತ್ತಿನ ಮೇಲೆ ಮದುವೆ ಊಟ ಉಂಡವು. ರೈಲು ಬರಲಿಲ್ಲ. ಬಂದದ್ದು ಗೂಡ್ಸ್, ಅದರ ಹಿಂದೆ ಇನ್ನೊಂದು ಗೂಡ್ಸ್. ಹಳಿ ಗೂಡ್ಸಿನವರದ್ದು ಅಲ್ಲವೇ, ಅವರು ದಾರಿ ಬಿಟ್ಟಾಗ ತಾನೇ ನಿಮ್ಮದು ಹೊರಡುವುದು? ಬ್ಯಾಟರಿ ಹಾಕಿದ ಮಾತ್ರಕ್ಕೆ ಅವರು ಎದ್ದು ಕೂರಲು ಜಾಗ ಕೊಡುತ್ತಾರಾ? ಮಧ್ಯಾಹ್ನ ದಾಟಿತು. ಒಲೆಯೊಳಗಿನ ಬ್ರೆಡ್ಡು ಸೀದುಹೋಗುತ್ತದೆ ಅಂತ ಮನೆಗೆ ಓಡಿದೆ. ಆ ಒಂದು ಗಳಿಗೆಯಲ್ಲಿ ನಿಮ್ಮ ರೈಲು ಬೆಕ್ಕಿನ ಹಾಗೆ ಬಂದು ಹೋಗಿದೆ. ನಾಯಿ ದಿಬ್ಬದ ಮೇಲೆ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಅದಕ್ಕೆ ಗೊತ್ತಾಗಿದೆ, ನನಗೆ ಹೇಳಲಿಲ್ಲ.

ನನ್ನದೇ ವಾಸಿ. ಉರ್ಹೊನ ಕತೆ ಕೇಳು. ಅವನು ಕೊಲ್ಲಿಯ ಆಚೆ ದಡದವನು. ಸೇತುವೆ ಗುಡುಗಿದಾಗ ದೋಣಿ ಬಿಟ್ಟರೆ ರೈಲು ಬರುವಾಗ ಈ ದಡಕ್ಕೆ ಮುಟ್ಟುತ್ತಾನೆ, ನಿನಗೆ ಗೊತ್ತಲ್ಲ. ಕಳೆದ ಶನಿವಾರ ಹಲ್ಲು ನೋವು. ಸದ್ದು ಕೇಳಲಿ ಅಂತ ದವಡೆ ಹಿಡಿದು ಕಾದ, ಕೇಳಿಸಲಿಲ್ಲ, ಬೇಸತ್ತು ಹೊರಟ. ನಡುನೀರಿಗೆ ಬರುವಷ್ಟರಲ್ಲಿ ತಿರುವಿನಲ್ಲಿ ರೈಲು ಕಂಡಿದೆ. ದೋಣಿಯಲ್ಲೇ ಎದ್ದು ನಿಂತು ಅಂಗಿ ಬಿಚ್ಚಿ ಬೀಸಿದ್ದಾನೆ. ನಿನ್ನ ಆ ಚುರುಕು ಕಣ್ಣಿನ ಹುಡುಗಿ ಏನು ಮಾಡಿದಳು ಗೊತ್ತಾ? ಕಿಟಕಿಯಿಂದ ಕೈ ಹಾಕಿ ಅವಳೂ ಬೀಸಿದಳು. ಸಲಾಮು ಹೊಡೆಯುತ್ತಿದ್ದಾನೆ ಅಂದುಕೊಂಡಳು!

ಒದ್ದೆ ಪ್ಯಾಂಟಿನಲ್ಲಿ ಬಂದು ನನ್ನ ಮೆಟ್ಟಿಲ ಮೇಲೆ ಕೂತು ಬೈದ. "ಏನೇ ಐಲಿ, ನಿನ್ನ ಗಂಡನ ರೈಲು ದೆವ್ವದ ಥರ ಬಂದು ಹೋಗುತ್ತಲ್ಲೇ!"

"ಗಂಡ ಅಲ್ಲ, ಮಾಜಿ."

"ಮಾಜಿನೋ ಹಾಲಿನೋ, ನನ್ನ ಹಲ್ಲು ಅಲ್ಲೇ ಇದೆ."

ಈಗ ನಗುವುದನ್ನು ನಿಲ್ಲಿಸಿ ಹೇಳುತ್ತೇನೆ. ಹೊಸ ರೈಲಿಗೆ ಇಲ್ಲಿಂದ ಇನ್ನೂ ಒಂದು ಜೀವವೂ ಹತ್ತಿಲ್ಲ. ಆಗಸ್ಟ್ ಹತ್ತಿರ ಬರುತ್ತಿದೆ. ನೀನು ಚಾಲಕನಾಗಿದ್ದಾಗ ಸೇತುವೆಯ ಮೇಲೆ ಹಾರ್ನಿನ ಎರಡು ಕೂಗು ಹಾಕುತ್ತಿದ್ದೆ. ಯಾರೂ ಹಾಕು ಅಂದಿರಲಿಲ್ಲ. ಯಾಕೆ ಅಂತ ನಾನೂ ಕೇಳಿರಲಿಲ್ಲ, ಕಾಫಿಗೆ ನೀರಿಡುತ್ತಿದ್ದೆ ಅಷ್ಟೆ. ಆ ಮಾರ್ಲಾಗೆ ಅದೇ ರೀತಿ ಒಂದು ಕೂಗು ಹಾಕಲು ಹೇಳು. ಎರಡು ಬೇಡ, ಒಂದು ಸಾಕು.

ಈ ಪತ್ರವನ್ನು ಹಳಿ ತಪಾಸಣೆಯವರ ಕೈಲಿ ಕೊಡುತ್ತಿದ್ದೇನೆ. ನಿಲ್ಲದ ರೈಲಿನಲ್ಲಿ ಅಂಚೆ ಹಾಕುವುದು ಹೇಗೆ?

ಐಲಿ


ಸಾಂತ್ ಅನ್ಸೆಲ್ಮ್
ಜುಲೈ 21

ಐಲಿಗೆ,

ಕೂಗು ಹಾಕಿಸಲು ಆಗುವುದಿಲ್ಲ. ರಸ್ತೆ ದಾಟುವ ಕಡೆ ಮತ್ತು ಅಪಾಯ ಕಂಡಾಗ ಮಾತ್ರ ಹಾಕಬೇಕು ಅಂತ ನಿಯಮ. ನನ್ನ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಈ ಗಾಡಿ ಪ್ರತಿ ಕೂಗನ್ನೂ ತಾನೇ ಬರೆದಿಟ್ಟುಕೊಳ್ಳುತ್ತದೆ. ಮಾರ್ಲಾ ಹೊಸಬಳು, ಅವಳ ಕೆಲಸಕ್ಕೆ ಕುತ್ತು ತರಲಾರೆ.

ಇನ್ನೊಂದು ಮಾತು. ಈ ಗಾಡಿ ಸದ್ದು ಮಾಡುವುದಿಲ್ಲ ಅನ್ನುವುದನ್ನು ಕುಂದು ಅಂತ ನೀನು ಬರೆದಿದ್ದೀಯ. ಗಾಡಿಯನ್ನು ಆರಿಸುವಾಗ ಚಾಲಕರ ಪರವಾಗಿ ಕೂತವರಲ್ಲಿ ನಾನೂ ಒಬ್ಬ. ಅದೇ ಕಾರಣಕ್ಕೆ ಇದು ಬೇಕು ಅಂತ ಹಟ ಹಿಡಿದವನೂ ನಾನೇ. ಹಳೆಯ ಇಂಜಿನ್ನಿನ ಕೋಣೆಯಲ್ಲಿ ಒಂದು ಆಯುಸ್ಸು ಕೂತವರಿಗೆ ಅದು ಅರ್ಥವಾಗುತ್ತದೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಸದ್ದಿನ ವಿಷಯ ನನ್ನ ಹತ್ತಿರ ತರಬೇಡ. ಕಣ್ಣಿಗೆ ಕಾಣುವಂಥದ್ದು ಏನಾದರೂ ಯೋಚಿಸೋಣ.

ನಿಯಮದ ಪುಸ್ತಕ ಹುಡುಕಿದೆ. ಹಳಿಯ ಪಕ್ಕ ಆಳೇ ನಿಲ್ಲಬೇಕಾಗಿಲ್ಲ. ದೂರದಿಂದ ಕಾಣುವಂತೆ ಬಟ್ಟೆ ಕಟ್ಟಿದ್ದರೂ ಅದು ಕೈ ಬೀಸಿದ ಲೆಕ್ಕ. ಬಟ್ಟೆ ಕಂಡರೆ ಚಾಲಕಿ ನಿಲ್ಲಿಸಲೇಬೇಕು. ಯಾರೂ ಕಾಣದಿದ್ದರೆ ಇಳಿದು ಬಂದು ನೋಡಬೇಕು. ಈ ನಿಯಮ ಕುದುರೆಗಾಡಿಯ ಕಾಲದ್ದಿರಬೇಕು, ಯಾರೂ ತೆಗೆದುಹಾಕಿಲ್ಲ. ಮಾರ್ಲಾಗೆ ಈ ಪುಟವನ್ನು ಓದಿಸಿದ್ದೇನೆ.

ತಿರುವಿನಲ್ಲಿರುವ ಭೂರ್ಜ ಮರಕ್ಕೆ ಕಟ್ಟು. ಬಿಳಿ ಬಟ್ಟೆ ಬೇಡ, ಆ ಮರದ ಮೈ ಬಿಳಿ, ಕಾಣುವುದಿಲ್ಲ. ಇದನ್ನೂ ಹಳಿ ತಪಾಸಣೆಯವರ ಕೈಲೇ ಕಳಿಸುತ್ತಿದ್ದೇನೆ.

ರೆಜಾನ್


ಸಾಂತ್ ಅನ್ಸೆಲ್ಮ್, ಚಾಲಕರ ಕೋಣೆ
ಆಗಸ್ಟ್ 5

ಮೇಷ್ಟ್ರೇ,

ಇದನ್ನು ನಿಮ್ಮ ಕಪಾಟಿನಲ್ಲಿ ಇಟ್ಟು ಹೋಗುತ್ತಿದ್ದೇನೆ. ಎದುರಿಗೆ ಹೇಳಲು ಮುಖ ಇಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನೆ ಮೈಲಿ 112ರಲ್ಲಿ ನಿಲ್ಲಿಸಿದೆ. ತಿರುವಿನ ಮರದಲ್ಲಿ ಕೆಂಪು ಚೌಕಳಿಯ ಉಣ್ಣೆ ಅಂಗಿ ತೂಗುತ್ತಿತ್ತು, ತೋಳು ಎರಡೂ ಚಾಚಿಕೊಂಡು. ದೂರದಿಂದ ಯಾರೋ ಮರವನ್ನು ತಬ್ಬಿಕೊಂಡು ನಿಂತ ಹಾಗೆ. ಸುತ್ತ ಯಾರೂ ಇರಲಿಲ್ಲ. ನೀವು ಓದಿಸಿದ ಹಾಗೆ ಗಾಡಿಯನ್ನು ಗಾರ್ಡಿಗೆ ಒಪ್ಪಿಸಿ ಇಳಿದೆ. ಒಂದು ನಾಯಿ ಬಂದು ಮುಂದೆ ಮುಂದೆ ನಡೆದು ಅಡುಗೆಮನೆ ಬಾಗಿಲಿಗೆ ಕರೆದುಕೊಂಡು ಹೋಯಿತು.

ಆಂಟಿ ಬ್ರೆಡ್ಡು ಹೊರಗೆ ತೆಗೆಯುತ್ತಿದ್ದರು. "ಯಾರೇ ನೀನು?" ಅಂದರು.

"ರೈಲು, ಆಂಟಿ."

"ಎಲ್ಲಿ?"

"ನಿಮ್ಮ ಮನೆ ಹಿಂದೆ ನಿಂತಿದೆ."

ದಿಬ್ಬ ಹತ್ತಿ ನೋಡಿದರು. "ಇಷ್ಟುದ್ದದ್ದು ಬಂದು ನಿಂತಿದೆ, ನನಗೆ ಗೊತ್ತೇ ಆಗ್ಲಿಲ್ಲವಲ್ಲೇ" ಅಂದರು. ಅಷ್ಟರಲ್ಲಿ ಉರ್ಹೊ ಅಜ್ಜ ದೋಣಿಯಿಂದ ಎದ್ದು ಬಂದರು. ದವಡೆಗೆ ಬಟ್ಟೆ ಕಟ್ಟಿಕೊಂಡಿದ್ದರು. "ಹೋದ ಸಲ ಕೈ ಬೀಸಿದೋಳು ಇವಳೇ! ಇನ್ನೊಂದು ಸಲ ಬೀಸಮ್ಮ, ಹಲ್ಲು ತಾನಾಗೇ ಬೀಳುತ್ತೆ" ಅಂತ ಮೂದಲಿಸಿ ಹತ್ತಿ ಕೂತರು. ಹಳಿ ತಪಾಸಣೆಯವರ ಗಾಡಿಯಲ್ಲಿ ಬಂದಿದ್ದ ಮೀನುಗಾರರು ಮೂವರು ಹತ್ತಿದರು. ವರದಿಯಲ್ಲಿ ಎಲ್ಲ ಬರೆದಿದ್ದೇನೆ. ಆ ನಿಲ್ದಾಣಕ್ಕೆ ಇನ್ನು ಭಯವಿಲ್ಲ.

ಈಗ ಕೆಟ್ಟದ್ದು. ಬ್ರೆಡ್ಡು ಕಟ್ಟಿಕೊಡುತ್ತ ಆಂಟಿ ಅಂದರು: "ನಿಮ್ಮ ಮೇಷ್ಟ್ರಿಗೆ ಕಾಗದ ಬರೆಯೋಕೆ ಕೈ ಇದೆ, ಒಂದು ಫೋನ್ ಮಾಡೋಕೆ ಬೆರಳು ಸವೆಯುತ್ತಾ?"

ನಾನು ಯೋಚನೆ ಮಾಡದೆ ಹೇಳಿಬಿಟ್ಟೆ: "ಫೋನಾ? ಕಿವಿಗೆ ಮೆಷಿನ್ ಹಾಕ್ಕೊಂಡ್ರೂ ಅವರಿಗೆ ಎದುರಿಗೆ ನಮ್ಮ ಬಾಯಿ ಕಾಣ್ಬೇಕಲ್ಲ ಆಂಟಿ. ಕಿವಿ ಪರೀಕ್ಷೇಲಿ ಫೇಲಾಗಿದ್ದಕ್ಕೇ ಅಲ್ವಾ ಇಂಜಿನ್ ಬಿಡಿಸಿದ್ದು?"

ಅವರಿಗೆ ಗೊತ್ತಿದೆ ಅಂದುಕೊಂಡಿದ್ದೆ, ಮೇಷ್ಟ್ರೇ. ಹೆಂಡತಿಗೆ ಗೊತ್ತಿರುವುದಿಲ್ಲ ಅಂತ ಯಾರು ಅಂದುಕೊಳ್ಳುತ್ತಾರೆ?

ಬ್ರೆಡ್ಡಿನ ಗಂಟು ಅರ್ಧ ಕಟ್ಟಿದ್ದವರು ಹಾಗೇ ಹಿಡಿದುಕೊಂಡು ನಿಂತರು. "ಯಾವಾಗಿಂದ?" ಅಂತ ಕೇಳಿದರು. ಫೇಲಾಗಿದ್ದು ನಾಲ್ಕು ವರ್ಷದ ಹಿಂದೆ, ಕೇಳಿಸುವುದು ಕಡಿಮೆ ಆಗಿದ್ದು ಅದಕ್ಕೂ ಮುಂಚೆ ಅಂದೆ. ಗಂಟು ಬಿಗಿದು ಕೈಗೆ ಕೊಟ್ಟು, "ಹೊತ್ತಾಯ್ತು, ಹೊರಡು" ಅಂದರು. ತಿರುವು ದಾಟುವಾಗ ನೋಡಿದೆ. ದೋಣಿಕಟ್ಟೆಯ ತುದಿಯಲ್ಲಿ ನೀರಿನ ಕಡೆ ಮುಖ ಮಾಡಿ ನಿಂತಿದ್ದರು.

ಬ್ರೆಡ್ಡಿನಲ್ಲಿ ನಿಮ್ಮ ಪಾಲು ಕಪಾಟಿನ ಮೇಲಿನ ತಟ್ಟೆಯಲ್ಲಿದೆ. ಬೈಯುವುದಾದರೆ ಬೈಯಿರಿ.

ಮಾರ್ಲಾ


ಸಾಂತ್ ಅನ್ಸೆಲ್ಮ್
ಸೆಪ್ಟೆಂಬರ್ 2

ಐಲಿಗೆ,

ಮೈಲಿ 112 ಪಟ್ಟಿಯಲ್ಲಿ ಉಳಿಯಿತು. ಆಗಸ್ಟ್‌ನಲ್ಲಿ ನಿನ್ನ ಕೆರೆಯವರು ರೈಲನ್ನು ಎಷ್ಟು ಸಲ ನಿಲ್ಲಿಸಿದರು ಅಂದರೆ, ಅಲ್ಲಿ ಊರೇನಾದರೂ ಇದೆಯಾ ಅಂತ ಆಫೀಸಿನವರು ನಕ್ಷೆ ತೆಗೆದು ನೋಡಿದರಂತೆ. ಉರ್ಹೊ ಬಾಯಲ್ಲಿ ಹಲ್ಲು ಉಳಿದಿದೆಯೋ ಇಲ್ಲವೋ?

ಹೋದ ವಾರ ಹಳೆಯ ಬೋಗಿಗಳನ್ನು ಗುಜರಿಗೆ ಎಳೆದುಕೊಂಡು ಹೋದರು. ನಿನ್ನ ಒಲೆಯನ್ನು ಹೊತ್ತು ತಂದ ಸಾಮಾನಿನ ಬೋಗಿಯೂ ಅದರಲ್ಲಿತ್ತು. ಎಳೆಯಲು ನಾನು ಓಡಿಸುತ್ತಿದ್ದ ಇಂಜಿನ್ನನ್ನೇ ಕೊನೆಯ ಸಲ ಚಾಲೂ ಮಾಡಿದರು. ಅಂಗಳದಲ್ಲಿದ್ದವರೆಲ್ಲ ಎರಡು ಕಿವಿಯ ಮೇಲೂ ಕೈ ಇಟ್ಟುಕೊಂಡರು. ನಾನು ಸುಮ್ಮನೆ ನಿಂತಿದ್ದೆ. ಕಾಲ ಕೆಳಗೆ ನೆಲ ಅದುರಿದ್ದರಿಂದ ಚಾಲೂ ಆಗಿದೆ ಅಂತ ಗೊತ್ತಾಯಿತು.

ಮಾರ್ಲಾ ಒಳ್ಳೆಯ ಚಾಲಕಿ. ಮಾತು ಸ್ವಲ್ಪ ಜಾಸ್ತಿ.

ಜಲ್ಲಿ ಹಾಕುವವರು ಈ ತಿಂಗಳ ಮೂರನೆಯ ವಾರ ಬರುತ್ತಾರೆ. ಮೆಟ್ಟಿಲಿನ ಎತ್ತರ ಸರಿಯಿದೆಯಾ ಅಂತ ನಮ್ಮ ಕಡೆಯಿಂದ ಒಬ್ಬರು ಬಂದು ನೋಡಬೇಕು. ನನ್ನನ್ನೇ ಹೋಗು ಅಂದಿದ್ದಾರೆ. ನಿನಗೆ ತೊಂದರೆ ಅನ್ನಿಸುವುದಾದರೆ ಬೇರೆಯವರನ್ನು ಕಳಿಸುತ್ತೇನೆ.

ಉಣ್ಣೆ ಅಂಗಿಯನ್ನು ಮಳೆಯಲ್ಲಿ ಬಿಡಬೇಡ, ಕುಗ್ಗುತ್ತದೆ.

ರೆಜಾನ್


ಪಿಕರೆಲ್ ಸರೋವರ, ಮೈಲಿ 112
ಸೆಪ್ಟೆಂಬರ್ 9

ರೆಜಾನ್‌ಗೆ,

ಅಂಗಿ ಆಗಲೇ ಕುಗ್ಗಿದೆ. ಈಗ ಉರ್ಹೊಗೆ ಸರಿಹೋಗುತ್ತದೆ, ನಿನಗಲ್ಲ. ಬಿಟ್ಟುಹೋದ ಬಟ್ಟೆಗೆ ದೂರು ಕೊಡುವ ಹಕ್ಕಿಲ್ಲ.

ಇಲ್ಲಿ ಎಲ್ಲರೂ ಹೊಸ ರೈಲಿಗೆ ಒಗ್ಗಿಕೊಂಡಿದ್ದೇವೆ. ಬೆಳಿಗ್ಗೆ ಅಂಗಿ ಕಟ್ಟುತ್ತೇನೆ, ಕೆಲಸ ನೋಡಿಕೊಳ್ಳುತ್ತೇನೆ, ಯಾವಾಗಲೋ ಮಾರ್ಲಾ ಬಾಗಿಲಿಗೆ ಬಂದು ಬ್ರೆಡ್ಡು ಕೇಳುತ್ತಾಳೆ. ಉರ್ಹೊ ಅವಳಿಗೆ ಹೊಗೆಯಲ್ಲಿ ಒಣಗಿಸಿದ ಮೀನು ಕೊಟ್ಟಿದ್ದಾನೆ. ಸೇತುವೆ ಗುಡುಗದ ಬೆಳಗು ಇನ್ನೂ ಸ್ವಲ್ಪ ಖಾಲಿ ಅನ್ನಿಸುತ್ತದೆ. ಆದರೂ ಅವಳಿಗೆ ಇನ್ನೂ ಮೂವತ್ತು ತುಂಬಿಲ್ಲ, ಆ ಕೋಣೆಯಲ್ಲಿ ಕೂತು ಅವಳಿಗೆ ಇನ್ನೂ ಬಹಳ ವರ್ಷ ಕಳೆಯುವುದಿದೆ. ಹಾಗಾಗಿ ಆ ಗಾಡಿ ಸುಮ್ಮನೆ ಬರುವುದೇ ಒಳ್ಳೆಯದು ಅಂತ ಈಗ ನನಗೂ ಅನ್ನಿಸಿದೆ.

ಮೆಟ್ಟಿಲು ನೋಡಲು ಬೇರೆಯವರನ್ನು ಕಳಿಸಬೇಡ. ಏಲಕ್ಕಿ ಮುಗಿದಿದೆ, ಬರುವಾಗ ತಾ. ಪುಡಿ ಬೇಡ, ಇಡಿಯದು.

ನೀನು ಬಂದವನೇ ಮನೆಯೊಳಗೆ ಬರುವುದಿಲ್ಲ, ಗೊತ್ತು. ಎಂದಿನಂತೆ ಮೊದಲು ದೋಣಿಕಟ್ಟೆಗೆ ಹೋಗಿ ಮನೆಗೆ ಬೆನ್ನು ಹಾಕಿ ಕೂರುತ್ತೀಯ. ಕೂರು. ಅಡುಗೆಮನೆಯ ಕಿಟಕಿಯ ಹೊರಗೆ, ನೀರಿನ ಕಡೆಗೆ, ಒಂದು ಮೊಳೆ ಹೊಡೆದಿದ್ದೇನೆ. ರೈಲು ಹೋದ ಮೇಲೆ ಮರದಿಂದ ಅಂಗಿ ಬಿಚ್ಚಿ ತರುತ್ತೇನಲ್ಲ, ಕಾಫಿ ಆದಾಗ ಅದನ್ನು ಆ ಮೊಳೆಗೆ ಹಾಕುತ್ತೇನೆ.

ಕೂಗುವುದಿಲ್ಲ. ಆಗಾಗ ತಿರುಗಿ ನೋಡುತ್ತಿರು.

ಐಲಿ